ಬಿಕ್ಕಲಂ

ಮಂಜೇಶ್ವರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ಮಹಡಿ ಮೇಲೊಂದು ಬಾಡಿಗೆ ಕೋಣೆ ನನ್ನದು.
ನಾನು ದುಡಿಯುವ ಮೇನ್‌ಫ್ರೇಮ್ ಯಾವ ದೇಶದಲ್ಲಿದೆಯೋ, ನೋಡಿಲ್ಲ.
ಅದರ ಹಸಿರು ಅಕ್ಷರಗಳಷ್ಟೇ ರಾತ್ರಿ ಇಲ್ಲಿಗೆ ಬರುತ್ತವೆ.

ಕೆಳಗೆ, ಮೆಟ್ಟಿಲ ಬುಡದಲ್ಲಿ, ಐತ್ತಪ್ಪ ಬೆಳ್ಚಾಡರ ಬೆಂಚು.
ನಲವತ್ತೊಂದು ವರ್ಷದಿಂದ ಆಧಾರ ಬರೆಯುವವರು.
ಕ್ರಯ, ಪಾಲು, ದಾನ, ಮರಣಶಾಸನ,
ಒಂದೊಂದಕ್ಕೂ ಒಂದೊಂದು ಮಾದರಿ, ಅಂಚು ಹುಳ ತಿಂದದ್ದು.
ಮಾದರಿಯ ಮೇಲೆ ಪೆನ್ನು ತಾಗಿಸುವುದಿಲ್ಲ,
ಪ್ರತಿ ಮಾಡಿ ಪ್ರತಿಯಲ್ಲಿ ತುಂಬುತ್ತಾರೆ.

"ನೀನು ಎಂಥ ಬರೆಯುವುದು ಮಾರಾಯ್ತಿ, ಇಡೀ ರಾತ್ರಿ?"

ಹೇಳಿದೆ: ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವಾಗ
ಕೈಯಲ್ಲೊಂದು ಪಟ್ಟಿ ಕೊಡಬೇಕು.
ಪಟ್ಟಿಯೊಳಗೆ ಸಾಮಾನು ಇರುವುದಿಲ್ಲ,
ಸಾಮಾನು ಎಲ್ಲುಂಟು ಎಂಬುದು ಮಾತ್ರ,
ನಾಲ್ಕು ನಾಲ್ಕು ಬೈಟಿನ ವಿಳಾಸ.
ಪಟ್ಟಿಯದೇ ವಿಳಾಸ ಒಂದನೇ ರಿಜಿಸ್ಟರಿನಲ್ಲಿ.
ಪ್ರತಿ ಸಲ ಅದನ್ನೇ ಬರೆದು ಬರೆದು ಬೇಸತ್ತು
ಮ್ಯಾಕ್ರೋ ಕಟ್ಟುತ್ತೇನೆ; ಆಮೇಲೆ ಹೆಸರು ಕೂಗಿದರೆ ಸಾಕು,
ಪಟ್ಟಿ ತನ್ನಷ್ಟಕ್ಕೆ ಎದ್ದು ನಿಲ್ಲುತ್ತದೆ.

"ಓ, ಚೆಕ್ಕುಬಂದಿ," ಅಂದರು.

ಏನೋ ಹೇಳಹೊರಟು ಬಾಯಿ ಮುಚ್ಚಿದೆ.
ಪೂರ್ವಕ್ಕೆ ಕುಂಞಾಮದರ ಹಿತ್ತಿಲು,
ದಕ್ಷಿಣಕ್ಕೆ ತೋಡು,
ಪಶ್ಚಿಮಕ್ಕೆ ರೈಲು ಹಳಿ,
ಉತ್ತರಕ್ಕೆ ನಡೆದಾಡುವ ದಾರಿ.
ಮಾರಿದ ಜಾಗದ ಒಂದು ಹಿಡಿ ಮಣ್ಣೂ ಕಾಗದದಲ್ಲಿಲ್ಲ.
ಸಾಲು ಅದಲುಬದಲಾದರೆ
ಮೂಡುಬಾಗಿಲಿಗೆ ರೈಲು ಬಂದು ನಿಲ್ಲುತ್ತದೆ.

ಆ ತಿಂಗಳು ನನ್ನ ಮ್ಯಾಕ್ರೋ ಕೆಲವು ರಾತ್ರಿ ಸರಿ,
ಕೆಲವು ರಾತ್ರಿ ಸೊನ್ನೆ-ಸಿ-ನಾಲ್ಕು ಎಂದು ಕವುಚಿ ಬೀಳುತ್ತಿತ್ತು.
ಕರೆಸಿಕೊಂಡವನು ಪಟ್ಟಿ ಮುಗಿದರೂ ಓದುತ್ತಲೇ ಹೋಗಿ
ಆಚೆ ಬಿದ್ದ ಕಸವನ್ನೂ ವಿಳಾಸವೆಂದು ನಂಬಿ
ಯಾರದೋ ಬೇಲಿ ಹಾರುತ್ತಿದ್ದ.
ಮೂರು ದಿನ ಡಂಪ್ ಓದಿ ಕಣ್ಣು ಉರಿದು
ಚಾ ಕುಡಿಯಲು ಇಳಿದೆ.
ಬೆಳ್ಚಾಡರು ಕೊನೆಯ ಪುಟದ ಖಾಲಿ ಅರ್ಧಕ್ಕೆ
ಮೂಲೆಯಿಂದ ಮೂಲೆಗೆ ಗೆರೆ ಎಳೆಯುತ್ತಿದ್ದರು.
"ಇದು ಇಲ್ಲದಿದ್ದರೆ," ಅಂದರು, ತಲೆ ಎತ್ತದೆ,
"ರಾತ್ರಿ ಬೆಳಗಾಗುವಾಗ ಇಲ್ಲೊಂದು ಬಾವಿ ಹುಟ್ಟಿರುತ್ತದೆ."

ಚಾ ಅಲ್ಲೇ ಉಳಿಯಿತು.
ವಿಳಾಸಕ್ಕೆ ಬೇಕಾದದ್ದು ಮೂವತ್ತೊಂದು ಬಿಟ್.
ಎಡತುದಿಯ ಆ ಹೆಚ್ಚಿನದೊಂದು, ಕೊನೆಯವನ ನೆತ್ತಿಯ ಮೇಲೆ
ಹಚ್ಚಿಡಬೇಕಾದದ್ದು,
ಹಚ್ಚಲು ಮರೆತಿದ್ದೆ.

ಸೋಣ ಕಳೆದ ಮೇಲೆ ಅವರು ತಮ್ಮದೇ ಪಾಲುಪತ್ರ ಬರೆದರು.
ಅಕ್ಕ ಕಮಲ. ತಮ್ಮ ಕಾಂತಪ್ಪ. ತಾನು.
ಕಾಂತಪ್ಪ ಹೂಳೆತ್ತುವ ಹಡಗು ಹತ್ತಿ ಹೋದವನು,
ಇಪ್ಪತ್ತಾರು ವರ್ಷ, ಒಂದು ಕಾಗದವಿಲ್ಲ.
ಅವನನ್ನು ಬಿಟ್ಟು ಬರೆಯಿರಿ ಎಂದವರಿದ್ದರು, ವಕೀಲರೂ.
"ಹೆಸರುಂಟು, ವಿಳಾಸ ಇಲ್ಲ, ಅಷ್ಟೇ," ಅಂದರು.
"ಜಾಗ ಇರಲಿ."

ನನ್ನಲ್ಲೂ ನಡುವಿನದೊಂದು ಬಾರದಿದ್ದರೆ
ಎರಡು ಅಲ್ಪವಿರಾಮ ಭುಜಕ್ಕೆ ಭುಜ ಕೊಟ್ಟು ಆ ಜಾಗ ಕಾಯುತ್ತವೆ.
ಇಲ್ಲವಾದರೆ ಹಿಂದಿನವರು ಮುಂದೆ ಸರಿದು
ಅವನ ಚಾಪೆಯಲ್ಲಿ ಕುಳಿತುಬಿಡುತ್ತಾರೆ.
ಮ್ಯಾಕ್ರೋ ಅಲ್ಲಿ ಸೊನ್ನೆ ಇಡುತ್ತದೆ.
ಸೊನ್ನೆಯೂ ನಿಜವಾದ ಒಂದು ತಾಣ, ಯಂತ್ರದ ಹೊಸ್ತಿಲು;
ಇಣುಕಿ ಓದಬಹುದು,
ಬರೆಯಹೋದರೆ ಕೈ ತಡೆಯುತ್ತದೆ.
ಇದನ್ನು ಅವರಿಗೆ ಹೇಳಲಿಲ್ಲ.

ಪಾಲುದಾರ ಎಂದು ಒಂದು ರುಜು,
ಕೆಳಗೆ, ಬಿಕ್ಕಲಂ ಎಂದು ಅದೇ ರುಜು ಇನ್ನೊಮ್ಮೆ.
ಬರವಣಿಗೆ ಚಾರ್ಜಿಗೆ ತನಗೆ ತಾನೇ ರಶೀದಿ ಹರಿದುಕೊಂಡರು.

ಅಸೆಂಬ್ಲಿ ಮುಗಿದ ಮೇಲೆ ಮ್ಯಾಕ್ರೋ ಎಲ್ಲೂ ಇರುವುದಿಲ್ಲ,
ಅದು ಕಟ್ಟಿಕೊಟ್ಟ ಪಟ್ಟಿ ಓಡುತ್ತಿರುತ್ತದೆ.
ಮೊನ್ನೆ ನನ್ನದರ ಬುಡಕ್ಕೆ ಒಂದು ಸಾಲು ಸೇರಿಸಿದೆ,
ಚುಕ್ಕಿ, ನಕ್ಷತ್ರ, ಆಮೇಲೆ ರೋಮನ್ ಅಕ್ಷರದಲ್ಲಿ
ಬಿಕ್ಕಲಂ, ನನ್ನ ಹೆಸರು, ಊರು.
ಹಾಗೆ ಶುರುವಾದ ಸಾಲನ್ನು
ಯಂತ್ರ ಯಾವ ವಿಸ್ತರಣೆಯಲ್ಲೂ ಅಚ್ಚು ಹಾಕುವುದಿಲ್ಲ.